ಯುಗಾದಿ ಬೇಟೆಯೂ ಲೆಕ್ಕಕ್ಕೆ ಸಿಗದ ಬೆಳವಗಳೂ

ಯುಗಾದಿ ಹತ್ತಿರವಾದಂತೆ ಹಾಸನ ಸೀಮೆಯ ಹಳ್ಳಿಗಳಲ್ಲಿ ಬೇಟೆಯ ಮಾತು ಏಳುತ್ತದೆ. ಹಬ್ಬದ ದಿನ ಬೇವುಬೆಲ್ಲ, ಒಬ್ಬಟ್ಟು, ಮರುದಿನ ಹೊಸತೊಡಕು. ಆ ದಿನದ ಬಾಡು ಹೊಲದಿಂದಲೋ ಗುಡ್ಡದಿಂದಲೋ ಬರಬೇಕೆಂಬ ರೂಢಿ ಹಳೇ ಮೈಸೂರಿನ ಹಲವು ಊರುಗಳಲ್ಲಿತ್ತು, ಅಲ್ಲಲ್ಲಿ ಈಗಲೂ ಇದೆ. ಮೊಲ, ಹಂದಿ ದೊಡ್ಡವರ ಬೇಟೆ. ಚಾಟರ್ ಬಿಲ್ಲು ಹಿಡಿದ ಹುಡುಗರಿಗೆ ಬೆಳವ, ಗೌಜಲಕ್ಕಿ, ಪುರಲೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ವರ್ಷ ಬೆಳವ ಎಷ್ಟಿವೆ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಬೇಟೆಗಾರನಿಂದ ಅರಣ್ಯ ಇಲಾಖೆಯವರೆಗೆ ಎಲ್ಲರೂ ಕೊಡುವ ಉತ್ತರ ಒಂದೇ: ಬೇಕಾದಷ್ಟಿವೆ. ಆ ಉತ್ತರ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಮೊದಲು ಕಾನೂನಿನ ಮಾತು. ನಮ್ಮಲ್ಲಿ ಬೆಳವದ ಬೇಟೆಗೆ ಯಾವ ಕಾಲದಲ್ಲೂ ಅನುಮತಿಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಪರವಾನಗಿ ಪಡೆದು ಬೇಟೆಯಾಡುವುದಕ್ಕೆ ಸ್ವಲ್ಪ ಅವಕಾಶ ಉಳಿಸಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕೊಲ್ಲುವುದಷ್ಟೇ ಅಲ್ಲ, ಬಲೆ ಹಾಕುವುದು, ಉರುಲು ಒಡ್ಡುವುದು, ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು ಎಲ್ಲವೂ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿದೆ. ಈ ನಿಷೇಧ ನ್ಯಾಯವಾದದ್ದು, ಅದನ್ನು ಒಂದು ಎಳೆಯಷ್ಟೂ ಸಡಿಲಿಸಬಾರದು ಎಂಬುದು ನನ್ನ ನಿಲುವು. ಆದರೆ ನಿಷೇಧ ಹೇರಿದ ಮೇಲೆ ಹಕ್ಕಿಯ ಹೊಣೆ ಮುಗಿಯಿತೆಂದು ನಾವು ಸುಮ್ಮನಾದೆವಲ್ಲ, ನನ್ನ ತಕರಾರು ಅಲ್ಲಿದೆ.

ಬೇಟೆಯನ್ನು ಕಾನೂನುಬದ್ಧವಾಗಿ ನಡೆಸುವ ದೇಶಗಳಲ್ಲಿ ಬೆಳವದ ಲೆಕ್ಕ ಕಟ್ಟುನಿಟ್ಟು. ಅಮೆರಿಕದ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ಕ್ಕೆ ಬೆಳವದ ಬೇಟೆ ತೆರೆಯುತ್ತದೆ. ಅದಕ್ಕೆ ಮೊದಲು ಕಾಲಿಗೆ ಉಂಗುರ ತೊಡಿಸಿದ ಹಕ್ಕಿಗಳಿಂದ, ಬೇಟೆಗಾರರು ಕೊಡುವ ಮಾಹಿತಿಯಿಂದ ಸಂಖ್ಯೆಯನ್ನು ಅಂದಾಜಿಸಿ ಸರ್ಕಾರವೇ ವರದಿ ಹೊರಡಿಸುತ್ತದೆ. ಒಬ್ಬನಿಗೆ ದಿನಕ್ಕೆ ಹದಿನೈದು ಎಂಬ ಮಿತಿ ಇದೆ. ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಡುವ ಕಾನೂನನ್ನು ಅವರು 1937ರಲ್ಲೇ ಮಾಡಿಕೊಂಡರು. ಆ ಎಚ್ಚರ ಅವರಿಗೆ ದುಬಾರಿ ಬೆಲೆ ತೆತ್ತು ಬಂದದ್ದು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳದ ಕೊನೆಯ ಹಕ್ಕಿ ಮಾರ್ಥಾ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತದ್ದೂ 1914ರ ಸೆಪ್ಟೆಂಬರ್ 1ರಂದೇ. ಬೇಕಾದಷ್ಟಿವೆ ಎಂಬ ಮಾತನ್ನು ಅಲ್ಲಿನವರೂ ಆಡಿಕೊಂಡೇ ಆ ಹಕ್ಕಿಯನ್ನು ಕಳೆದುಕೊಂಡರು.

ಹಾಗಿದ್ದರೆ ಇಲ್ಲೂ ಪರವಾನಗಿ ಕೊಟ್ಟು ಬೇಟೆ ತೆರೆಯಿರಿ, ಲೆಕ್ಕ ತಾನಾಗಿ ಬರುತ್ತದೆ ಎಂದು ವಾದಿಸುವವರಿದ್ದಾರೆ. ಒಪ್ಪಲಾರೆ. ಲೆಕ್ಕ ಬೇಕೆಂದು ಕೊಲ್ಲಬೇಕಾಗಿಲ್ಲ, ನೋಡಿದರೆ ಸಾಕು.

ಈ ಬಯಲಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಬೆಳವಗಳಿವೆ. ಕತ್ತಿನ ಹಿಂದೆ ಕರಿಯ ಪಟ್ಟೆ, ಅದರ ತುಂಬ ಬಿಳಿ ಚುಕ್ಕಿ ಇರುವ ಚುಕ್ಕೆ ಬೆಳವಕ್ಕೆ ಮರ, ನೆರಳು, ಸ್ವಲ್ಪ ತೇವ ಬೇಕು. ಅರಕಲಗೂಡಿನ ಪಡುವಣ ಭಾಗ, ಹೇಮಾವತಿಯ ದಂಡೆ, ಹೊಳೆನರಸೀಪುರದ ತೋಟಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಸಣ್ಣ ಕಂದು ಬೆಳವ ಒಣ ನೆಲದ್ದು, ಮನೆಯಂಗಳಕ್ಕೂ ಬರುತ್ತದೆ. ಬೂದಿ ಬಣ್ಣದ ಮೈ, ಕತ್ತಿಗೆ ಅರ್ಧ ಕರಿಯುಂಗುರ ಇರುವ ಉಂಗುರ ಬೆಳವ ಜಾಲಿ ಗಿಡಗಳ ಬಯಲನ್ನು ಮೆಚ್ಚುತ್ತದೆ. ಚನ್ನರಾಯಪಟ್ಟಣದ ಕಡೆಯ ಒಣ ಹೊಲ ಅದರದು. ಇನ್ನೊಂದು ಕೆಂಪು ಬೆಳವ. ಇಟ್ಟಿಗೆ ಬಣ್ಣದ ಗಂಡನ್ನು ಒಮ್ಮೆ ಕಂಡವರು ಮರೆಯುವುದಿಲ್ಲ, ಆದರೆ ಕಾಣುವುದು ಅಪರೂಪ. ಸಕಲೇಶಪುರದ ಕಾಡು, ಕಾಫಿ ತೋಟಗಳ ಪಚ್ಚೆ ಬೆಳವದ ವಿಷಯ ಬೇರೆ. ಬೇಟೆಯ ಹುಡುಗರಿಗೆ ಇವೆಲ್ಲ ಬರೀ ಬೆಳವ. ಬೇಕಾದಷ್ಟಿವೆ ಎನ್ನುವಾಗ ಯಾವುದು ಬೇಕಾದಷ್ಟಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಚುಕ್ಕೆ ಬೆಳವ ಹೆಚ್ಚುತ್ತ, ಅದರ ಮರೆಯಲ್ಲಿ ಕೆಂಪು ಬೆಳವ ಕಡಿಮೆಯಾಗುತ್ತ ಹೋದರೂ ಒಟ್ಟು ಮಾತಿನಲ್ಲಿ ವ್ಯತ್ಯಾಸ ಕಾಣದು.

ಬೆಳವದ ಸಂಸಾರ ನಡೆಯುವ ಬಗೆ ತಿಳಿದರೆ ಈ ಕಣ್ಣಂದಾಜಿನ ದೌರ್ಬಲ್ಯ ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕು ಕಡ್ಡಿ ಅಡ್ಡಲಾಗಿಟ್ಟ ಗೂಡು, ಎರಡು ಮೊಟ್ಟೆ, ಎರಡು ವಾರದ ಕಾವು. ಹಗಲು ಹೆಚ್ಚಿನ ಹೊತ್ತು ಗಂಡು, ಉಳಿದ ಹೊತ್ತು, ರಾತ್ರಿಯೆಲ್ಲ ಹೆಣ್ಣು ಕಾವು ಕೊಡುತ್ತದೆ. ಮರಿಗೆ ಮೊದಲ ದಿನಗಳಲ್ಲಿ ತಂದೆತಾಯಿ ಎರಡೂ ತಮ್ಮ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ಆಹಾರ ಉಣಿಸುತ್ತವೆ. ಒಂದು ಸಲಕ್ಕೆ ಎರಡೇ ಮರಿಯಾದ್ದರಿಂದ ವರ್ಷದಲ್ಲಿ ಎಷ್ಟು ಸಲ ಗೂಡು ಕಟ್ಟಿತು ಎಂಬುದರ ಮೇಲೆ ಕುಲದ ಏಳಿಗೆ ನಿಂತಿದೆ. ಮೇವು ಕಡಿಮೆಯಾದಾಗ ಬೆಳವ ಹೊಲದಲ್ಲಿ ಸತ್ತು ಬೀಳುವುದಿಲ್ಲ. ನಾಲ್ಕು ಸಲ ಕಟ್ಟುವ ಗೂಡನ್ನು ಎರಡು ಸಲ ಕಟ್ಟುತ್ತದೆ. ದೊಡ್ಡ ಹಕ್ಕಿಗಳು ತಂತಿಯ ಮೇಲೆ ಕೂತೇ ಇರುತ್ತವೆ, ನೋಡುವವನಿಗೆ ಏನೂ ಬದಲಾದಂತೆ ಅನಿಸುವುದಿಲ್ಲ.

ಬ್ರಿಟನ್ನಿನ ಟರ್ಟಲ್ ಡವ್ ಎಂಬ ಬೆಳವ ಹೀಗೆಯೇ ಸದ್ದಿಲ್ಲದೆ ಕರಗಿತು. ಹೊಲದ ಕಳೆಬೀಜ ಕಡಿಮೆಯಾಯಿತು, ಒಂದು ಜೋಡಿ ವರ್ಷಕ್ಕೆ ಮಾಡುವ ಸಂಸಾರಗಳು ಅರ್ಧಕ್ಕಿಳಿದವು, ನಾಲ್ಕೈದು ದಶಕಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಭಾಗ ಹೋಯಿತು. ವಲಸೆಯ ದಾರಿಯಲ್ಲಿ ಬೇಟೆಗೂ ಅದು ಬಲಿಯಾಗುತ್ತಿತ್ತು. 2021ರಲ್ಲಿ ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ದೇಶಗಳು ಅದರ ಬೇಟೆಯನ್ನು ನಿಲ್ಲಿಸಿದವು. ಮುಂದಿನ ವರ್ಷಗಳ ಎಣಿಕೆಯಲ್ಲಿ ಪಶ್ಚಿಮ ಯುರೋಪಿನಲ್ಲಿ ಸಂಖ್ಯೆ ಮೇಲೇರಿತು. ನಿಷೇಧ ಫಲ ಕೊಟ್ಟಿತೆಂದು ಅವರು ಧೈರ್ಯವಾಗಿ ಹೇಳಬಲ್ಲರು, ಏಕೆಂದರೆ ಮೊದಲೂ ಎಣಿಸಿದ್ದರು, ಆಮೇಲೂ ಎಣಿಸಿದರು. ನಮ್ಮ ಕಾಯ್ದೆಗೆ ಅರ್ಧ ಶತಮಾನ ತುಂಬಿದೆ. ಅದರಿಂದ ಹಾಸನದ ಬೆಳವಕ್ಕೆ ಏನಾಯಿತೆಂದು ಹೇಳಲು ನಮ್ಮ ಕೈಯಲ್ಲಿ ಒಂದು ಅಂಕಿಯೂ ಇಲ್ಲ. ಇದೇ ಕುಲದ ಇನ್ನೊಂದು ಕತೆಯನ್ನೂ ಹೇಳಬೇಕು. ನಮ್ಮ ಉಂಗುರ ಬೆಳವ ಇಪ್ಪತ್ತನೇ ಶತಮಾನದಲ್ಲಿ ತುರ್ಕಿ, ಬಾಲ್ಕನ್ ದಾಟಿ ಯುರೋಪಿನ ತುಂಬ ಹರಡಿ, 1955ರಲ್ಲಿ ಬ್ರಿಟನ್ನಿನಲ್ಲಿ ಗೂಡು ಕಟ್ಟಿತು. ಅನುಕೂಲ ಸಿಕ್ಕಿದರೆ ಬೆಳವ ಎಷ್ಟು ಬೇಗ ಹಬ್ಬಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಹಾಗಾಗಿ ಅಳಿದೇ ಹೋಗುತ್ತಿವೆ ಎಂದು ಕೂಗುವುದೂ ಎಣಿಸದೆ ಆಡುವ ಮಾತೇ ಆಗುತ್ತದೆ.

ಇಲ್ಲಿನ ಹೊಲಗಳತ್ತ ನೋಡೋಣ. ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು ಅಕ್ಕಡಿಯಾಗಿ ಬೆಳೆಯುತ್ತಿದ್ದ ನೆಲ ಬೆಳವಕ್ಕೆ ವರ್ಷವಿಡೀ ಉಣಿಸುತ್ತಿತ್ತು. ಕಣದಲ್ಲಿ ಉದುರಿದ ಕಾಳು, ಬದುವಿನ ಹುಲ್ಲುಬೀಜ, ಕೊಯ್ಲಾದ ಮೇಲೆ ಕೂಳೆಯ ನಡುವಿನ ಕಳೆ ಎಲ್ಲವೂ ಅದರ ಪಾಲು. ಹಾಸನ ಆಲೂಗಡ್ಡೆಯ ಸೀಮೆಯಾಯಿತು. ಅಂಗಮಾರಿ ರೋಗ ಆ ಬೆಳೆಯನ್ನು ಹಣಿದ ಮೇಲೆ ರೈತರು ಮೆಕ್ಕೆಜೋಳಕ್ಕೆ, ಶುಂಠಿಗೆ ತಿರುಗಿದರು. ಅರಕಲಗೂಡಿನಲ್ಲಿ ರಾಮನಾಥಪುರದ ಹರಾಜು ಕಟ್ಟೆಯನ್ನು ನಂಬಿದ ಹೊಗೆಸೊಪ್ಪು. ಆಲೂಗಡ್ಡೆ, ಶುಂಠಿ, ಹೊಗೆಸೊಪ್ಪು ಈ ಮೂರರಲ್ಲೂ ಹಕ್ಕಿ ಹೆಕ್ಕುವ ಕಾಳಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಸೌದೆ ಬೇಕು, ಸೌದೆಗೆ ಗೂಡಿನ ಮರಗಳು ಹೋಗುತ್ತವೆ. ಮೆಕ್ಕೆಜೋಳದ ಕಾಳನ್ನು ಬೆಳವ ತಿನ್ನುತ್ತದೆ, ಆದರೆ ಕಳೆನಾಶಕ ಹೊಡೆದ ಹೊಲದಲ್ಲಿ ಅದಕ್ಕೆ ಬೇಕಾದ ಸಣ್ಣ ಬೀಜ ಉಳಿಯುವುದಿಲ್ಲ. ಔಷಧ ಲೇಪಿಸಿದ ಬಿತ್ತನೆ ಬೀಜವಂತೂ ಹೆಕ್ಕಿ ತಿನ್ನುವ ಹಕ್ಕಿಗೆ ನೇರ ವಿಷ. ಕಳ್ಳಿ, ಕತ್ತಾಳೆಯ ಬೇಲಿ ಹೋಗಿ ಮುಳ್ಳುತಂತಿ, ಸೋಲಾರ್ ಬೇಲಿ ಬಂದವು; ಆಳೆತ್ತರದ ಕಳ್ಳಿಯೊಳಗಿನ ಗೂಡಿಗೆ ಸಿಗುತ್ತಿದ್ದ ಕಾವಲು ತಂತಿಯಲ್ಲಿ ಎಲ್ಲಿದೆ?

ನಷ್ಟದ ಪಟ್ಟಿಯಷ್ಟನ್ನೇ ಬರೆದರೆ ಅರ್ಧಸತ್ಯವಾದೀತು. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳು ಒಣ ನೆಲಕ್ಕೆ ನೀರು ತಂದವು. ಎಡದಂಡೆ ನಾಲೆ ಚನ್ನರಾಯಪಟ್ಟಣ ಸೀಮೆಯನ್ನು ಹಾದು ಬಾಗೂರು ನವಿಲೆ ಸುರಂಗದ ಮೂಲಕ ತುಮಕೂರಿನತ್ತ ಹೋಗುತ್ತದೆ. ಕಾಳು ತಿನ್ನುವ ಹಕ್ಕಿ ದಿನವೂ ನೀರು ಕುಡಿಯಲೇಬೇಕಾದ್ದರಿಂದ ಬೇಸಿಗೆಯ ನಾಲೆನೀರು ದೊಡ್ಡ ಅನುಕೂಲ. ತೆಂಗಿನ ತೋಟಗಳ ನೆರಳಿನಲ್ಲಿ ಚುಕ್ಕೆ ಬೆಳವ ಪೂರ್ವಕ್ಕೆ ಸರಿದಿರಬಹುದು, ಉಂಗುರ ಬೆಳವ ಹಿಂದೆ ಸರಿದಿರಬಹುದು. ಇದು ನನ್ನ ಊಹೆ ಮಾತ್ರ. ನಾಲ್ಕೂ ತಾಲ್ಲೂಕುಗಳಲ್ಲಿ ಒಂದೇ ಕ್ರಮದಿಂದ ಎಣಿಸಿದ್ದರೆ ಊಹೆಯ ಅಗತ್ಯ ಇರುತ್ತಿರಲಿಲ್ಲ.

ಈಗ ಯುಗಾದಿ ಬೇಟೆಯ ಮೌಲ್ಯಮಾಪನ. ಅದರ ಪರವಾಗಿ ಹೇಳಬೇಕಾದದ್ದಿದೆ. ಊರಿಗೆ ಊರೇ ಸೇರುತ್ತದೆ, ಸಿಕ್ಕಿದ್ದು ಪಾಲಾಗುತ್ತದೆ, ಪೈರು ಕಾಯ್ದವರ ವರ್ಷದ ದಣಿವು ಹಬ್ಬವಾಗಿ ಇಳಿಯುತ್ತದೆ. ಕೂಡಿ ನಡೆಯುವ ಆ ಸಡಗರವನ್ನು ನಾನು ಗೌರವಿಸುತ್ತೇನೆ. ಆದರೆ ಕಾಲ ನೋಡಿ. ಯುಗಾದಿಯ ಹೊತ್ತಿಗೆ ಹೊಲ ಬೋಳು, ಕೆರೆಗಳು ತಳ ಕಂಡಿರುತ್ತವೆ, ನಾಲೆನೀರು ತಲುಪದ ಕಡೆ ಸುತ್ತಲಿನ ಬೆಳವಗಳೆಲ್ಲ ಬೆಳಗ್ಗೆ ಸಂಜೆ ಉಳಿದ ಒಂದೆರಡು ನೀರಿನ ಗುಂಡಿಗೆ ಇಳಿಯಲೇಬೇಕು. ಹೊಂಚು ಹಾಕಿ ಕೂತವನಿಗೆ ಅಲ್ಲಿ ಜಾಣ್ಮೆಯೇನೂ ಬೇಕಿಲ್ಲ. ಆ ತಿಂಗಳುಗಳಲ್ಲೂ ಗೂಡುಗಳಿರುತ್ತವೆ. ಒಂದು ಬೆಳವ ಬಿದ್ದರೆ ಎಳೆಮರಿ ಎರಡೂ ಉಳಿಯುವುದು ಕಷ್ಟ. ಒಂದು ಹಕ್ಕಿಯಲ್ಲಿ ಸಿಗುವ ಬಾಡು ಒಂದು ತುತ್ತಿಗೂ ಸಾಲದು. ಪೈರು ಕಾಯುವ ನೆಪವೂ ಇಲ್ಲಿ ನಿಲ್ಲದು, ಏಕೆಂದರೆ ಹೊಲದಲ್ಲಿ ಪೈರೇ ಇಲ್ಲ. ಹೊಸತೊಡಕಿಗೆ ಕುರಿ, ಕೋಳಿ ಇವೆ. ಬೆಳವದ ಬೇಟೆಗೆ ಉಳಿದಿರುವ ಸಮರ್ಥನೆ ಅಭ್ಯಾಸವೊಂದೇ.

ಹಕ್ಕಿ ಬೇಟೆ ಎಂದ ಕೂಡಲೇ ಹಕ್ಕಿಪಿಕ್ಕಿ ಜನರತ್ತ ಬೆರಳು ತೋರಿಸುವ ಚಾಳಿ ನಮ್ಮಲ್ಲಿದೆ. ಇದು ಅನ್ಯಾಯ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳು ಈಗ ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರುವುದಕ್ಕೆ ಹೆಸರಾದವರು. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಾಗ ಅವರ ವ್ಯಾಪಾರ ಆಫ್ರಿಕಾದವರೆಗೆ ಹೋಗಿದೆಯೆಂದು ನಾಡಿಗೆ ಗೊತ್ತಾಯಿತು. ಬೇಟೆ ಬಿಟ್ಟು ಬದುಕು ಕಟ್ಟಿಕೊಂಡವರನ್ನು ದೂರುವ ಬದಲು ಜಮೀನುಳ್ಳ ಮನೆಗಳ ಅಟ್ಟದಲ್ಲಿರುವ ಏರ್‌ಗನ್ನುಗಳನ್ನು ನೋಡಬೇಕು. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿಯೇ ಬೇಡ. ಆನೆ ಹಾವಳಿಯಲ್ಲಿ ಮುಳುಗಿರುವ ಹಾಸನದ ಅರಣ್ಯ ಸಿಬ್ಬಂದಿಗೆ ಬಯಲು ಸೀಮೆಯ ಈ ಸಣ್ಣ ಬಂದೂಕುಗಳನ್ನು ಹಿಂಬಾಲಿಸುವ ಬಿಡುವೂ ಇಲ್ಲ.

ಇನ್ನು ಪಕ್ಷಿವೀಕ್ಷಕರ ಕೆಲಸ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಮೂವತ್ತು ಸಾವಿರ ಹವ್ಯಾಸಿಗಳು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳನ್ನು ಆಧರಿಸಿದ್ದು. 942 ಪ್ರಭೇದಗಳನ್ನು ಪರಿಶೀಲಿಸಿ, ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದದ್ದು 338ಕ್ಕೆ ಮಾತ್ರ ಎಂದು ಅದು ಒಪ್ಪಿಕೊಂಡಿತು. ಆ 338ರಲ್ಲಿ ನೂರಕ್ಕೆ 60 ಇಳಿಮುಖ. ಈ ಪ್ರಾಮಾಣಿಕತೆ ದೊಡ್ಡದು. ವರದಿಯ ಕೊರತೆ ವೀಕ್ಷಕರ ಕಾಲಿನಲ್ಲಿದೆ. ನಾವು ಹೋಗುವುದು ಹೇಮಾವತಿಯ ಹಿನ್ನೀರಿಗೆ, ಘಟ್ಟದ ಕಾಡಿಗೆ, ಅಪರೂಪದ ಹಕ್ಕಿ ಇರುವಲ್ಲಿಗೆ. ಹಿರೀಸಾವೆ ಕಡೆಯ ಹುರುಳಿ ಹೊಲದಲ್ಲಿ ನಿಂತು ಬೆಳವ ಎಣಿಸಲು ಯಾರೂ ಹೊರಡುವುದಿಲ್ಲ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದನ್ನು ಮುಂದುವರಿಸುವ ಜವಾಬ್ದಾರಿ ನಮ್ಮದಾಗಿತ್ತು. ಸರಿಯಾದ ದಾರಿ ಗೊತ್ತಿಲ್ಲದೆಯೂ ಅಲ್ಲ. ಹೊಳೆನರಸೀಪುರದಲ್ಲಿ ರೈಲು ಹತ್ತಿದರೆ ತಲುಪುವ ಮೈಸೂರಿನಲ್ಲಿ 2014ರಿಂದ 2016ರವರೆಗೆ ಊರನ್ನು ಚೌಕಗಳಾಗಿ ವಿಂಗಡಿಸಿ, ಹಕ್ಕಿ ಹೆಚ್ಚಿರಲಿ ಕಡಿಮೆಯಿರಲಿ ಪ್ರತಿ ಚೌಕಕ್ಕೂ ಹೋಗಿ ಎಣಿಸಿ ಪಕ್ಷಿ ಅಟ್ಲಾಸ್ ಮಾಡಿದರು. ಕೇರಳ ಅದೇ ಬಗೆಯ ಕೆಲಸವನ್ನು ಇಡೀ ರಾಜ್ಯಕ್ಕೆ ಮಾಡಿ ಮುಗಿಸಿತು.

ಮುನ್ನೋಟದ ಬಗ್ಗೆ ನನ್ನ ತೀರ್ಮಾನ ಇಷ್ಟು. ಚುಕ್ಕೆ ಬೆಳವಕ್ಕೂ ಸಣ್ಣ ಕಂದು ಬೆಳವಕ್ಕೂ ಸದ್ಯ ಭಯವಿಲ್ಲ. ಉಂಗುರ ಬೆಳವ, ಕೆಂಪು ಬೆಳವಗಳ ಮೇಲೆ ಈಗಲೇ ಕಣ್ಣಿಡಬೇಕು. ಬೇಟೆಯೊಂದೇ ಅವನ್ನು ಮುಗಿಸುವುದಿಲ್ಲ. ಮೇವು ಕಡಿಮೆಯಾದ ಹೊಲ, ಗೂಡಿಲ್ಲದ ಬೇಲಿ, ಬೇಸಿಗೆಯ ಬೇಟೆ ಮೂರೂ ಕೂಡಿದರೆ ಮುಗಿಸಬಲ್ಲವು.

ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಜನ ತಾವಾಗಿ ತಂದುಕೊಟ್ಟರು, ಬೇಟೆಯೇ ಬದುಕಿನ ಭಾಗವಾಗಿದ್ದ ಹಳ್ಳಿಗಳಲ್ಲಿ. ಹಾಸನ ಜಿಲ್ಲಾಡಳಿತ ಮುಂದಿನ ಯುಗಾದಿಗೆ ಮೊದಲು ಇಲ್ಲೂ ಅದನ್ನು ನಡೆಸಲಿ. ಫೆಬ್ರವರಿಯ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಅದಕ್ಕೆ ಹದಿನೈದು ನಿಮಿಷ ಸಾಕು. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳು ತಮ್ಮ ಊರಿನ ಒಂದು ಹೊಲ, ಒಂದು ಕೆರೆಯನ್ನು ಆರಿಸಿಕೊಂಡು ಆಗ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ ನಾಲ್ಕೂ ಬೆಳವಗಳನ್ನು ಬೇರೆ ಬೇರೆಯಾಗಿ ಎಣಿಸಿ ಬರೆದಿಡಲಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಆ ಸಂಖ್ಯೆಗಳನ್ನು ತಮ್ಮ ದಾಖಲಾತಿಗೆ ಸೇರಿಸಿಕೊಳ್ಳಲಿ. ಶಿಕ್ಷಕರೇ, ಚಾಟರ್ ಬಿಲ್ಲು ಹಿಡಿಯುವ ಹುಡುಗರಿಗೇ ಈ ಕೆಲಸ ಕೊಡಿ. ಬೆಳವ ಎಲ್ಲಿ ಕೂರುತ್ತದೆ, ಯಾವಾಗ ನೀರಿಗಿಳಿಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.