ಸ್ವಿಫ್ಟ್: ಓಡಿಸುವವರಿಗೆ ಸೊಗಸು, ಕುಳಿತವರಿಗೆ?

ಮಾರುತಿ ಸಂಸ್ಥೆಯ ಸ್ವಿಫ್ಟ್ ಕಾರು ಭಾರತದ ಮಾರುಕಟ್ಟೆಗೆ ಬಂದದ್ದು 2005ರ ಮೇ ತಿಂಗಳಿನಲ್ಲಿ. ಸಣ್ಣ ಕಾರೆಂದರೆ ಕಡಿಮೆ ಬೆಲೆ, ಹೆಚ್ಚು ಮೈಲೇಜ್ ಎಂದಷ್ಟೇ ಲೆಕ್ಕ ಹಾಕುತ್ತಿದ್ದವರಿಗೆ, ಓಡಿಸುವ ಸುಖವೂ ಒಂದು ಗುಣವೆಂದು ಇದು ತೋರಿಸಿಕೊಟ್ಟಿತು. ಆ ಸುಖ ಎಲ್ಲಿಂದ ಬರುತ್ತದೆ? ಅದು ಯಾರಿಗೆ ದಕ್ಕುತ್ತದೆ? ಈ ಎರಡು ಪ್ರಶ್ನೆಗಳನ್ನು ಭೌತವಿಜ್ಞಾನದ ನೆರವಿನಿಂದ ಪರಿಶೀಲಿಸಬಹುದು.

ಮೊದಲ ಸ್ವಿಫ್ಟ್‌ನ ಉದ್ದ 3,695 ಮಿ.ಮೀ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 2,390 ಮಿ.ಮೀ. ಚಕ್ರಗಳು ಮೂಲೆಗಳ ಸನಿಹದಲ್ಲಿವೆ. ಅಚ್ಚುಗಳಾಚೆ ಚಾಚಿಕೊಂಡ ಭಾರ ಕಡಿಮೆಯಿದ್ದಷ್ಟೂ ಕಾರು ತಿರುಗುವುದಕ್ಕೆ ಒಡ್ಡುವ ಜಡತ್ವ ಕಡಿಮೆ. ಸ್ಟಿಯರಿಂಗ್ ತಿರುಗಿಸಿದೊಡನೆ ಮೂತಿ ತಿರುಗುತ್ತದೆ. ಗಡುಸಾದ ಸ್ಪ್ರಿಂಗುಗಳು ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದನ್ನು ತಗ್ಗಿಸುತ್ತವೆ. ಘಾಟಿ ರಸ್ತೆಯಲ್ಲಿ ಚಾಲಕನಿಗೆ ವಿಶ್ವಾಸ ಮೂಡುವುದು ಇದರಿಂದಲೇ.

ಎಂಜಿನ್ನಿನ ವಿಷಯ ಇನ್ನೂ ಸ್ವಾರಸ್ಯಕರ. 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 87 ಅಶ್ವಶಕ್ತಿ. 2007ರಲ್ಲಿ ಬಂದ ಡೀಸೆಲ್ ಎಂಜಿನ್ನಿನದು 75. ಕಾಗದದ ಮೇಲೆ ಪೆಟ್ರೋಲಿಗೇ ಗೆಲುವು. ಆದರೆ ಡೀಸೆಲ್ ಎಂಜಿನ್ 190 ನ್ಯೂಟನ್-ಮೀಟರ್ ತಿರುಗುಬಲವನ್ನು ನಿಮಿಷಕ್ಕೆ 2,000 ಸುತ್ತುಗಳಲ್ಲೇ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಿನ ಗರಿಷ್ಠ ತಿರುಗುಬಲ 113. ಅದೂ 4,500 ಸುತ್ತುಗಳಲ್ಲಿ. ತಿರುಗುಬಲವನ್ನು ಕೋನವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಹಾಗಾಗಿ 2,000 ಸುತ್ತುಗಳಲ್ಲಿ ಡೀಸೆಲ್ಲಿನದು ಸುಮಾರು 40 ಕಿಲೋವ್ಯಾಟ್. ಪೆಟ್ರೋಲಿನದು 24ನ್ನು ಮುಟ್ಟದು. ಐದು ಜನರನ್ನು ಹೊತ್ತು ಏರು ಹತ್ತುವಾಗ ಡೀಸೆಲ್ ಕಾರು ಸಲೀಸೆನಿಸಲು ಇದೇ ಕಾರಣ.

ಆದರೆ ಸುತ್ತುಗಳು ಇದಕ್ಕಿಂತ ತೀರ ಕೆಳಗಿಳಿದರೆ ಟರ್ಬೊ ಚಾರ್ಜರನ್ನು ತಿರುಗಿಸುವಷ್ಟು ನಿಷ್ಕಾಸ ಅನಿಲ ಸಿಗುವುದಿಲ್ಲ. ರಸ್ತೆ ಉಬ್ಬು ದಾಟಿದ ಕಾರು ಎರಡನೇ ಗೇರಿನಲ್ಲಿ ತಡವರಿಸಿ, ಬಳಿಕ ಒಮ್ಮೆಲೇ ಮುನ್ನುಗ್ಗುತ್ತದೆ. ನಗರದ ದಟ್ಟಣೆಯಲ್ಲಿ ಇದು ನಿಜಕ್ಕೂ ದೋಷವೇ.

ಇನ್ನು ಹಿಂದಿನ ಆಸನ. ಚಾಲಕನಿಗೆ ಹಿತವೆನಿಸಿದ ಆ ಗಡುಸು ಸ್ಪ್ರಿಂಗುಗಳೇ ಹಿಂದಿನ ಅಚ್ಚಿನ ಬಳಿ ಕುಳಿತವರಿಗೆ ಗುಂಡಿಗಳ ಹೊಡೆತವನ್ನು ಮುಟ್ಟಿಸುತ್ತವೆ. ಕಿಟಕಿಗಳ ಅಂಚು ಎತ್ತರದಲ್ಲಿದ್ದು ಪುಟ್ಟ ಮಕ್ಕಳಿಗೆ ಹೊರಗಿನ ನೋಟ ಕಾಣಿಸದು. ಒಳಕಿವಿ ಚಲನೆಯನ್ನು ಗ್ರಹಿಸುತ್ತಿರುವಾಗ ಕಣ್ಣು ಅದನ್ನು ಕಾಣದಿದ್ದರೆ ವಾಕರಿಕೆ ಬರುವುದುಂಟು. ಕುಟುಂಬದ ಕಾರನ್ನು ಚಾಲಕನ ಆಸನದಿಂದಷ್ಟೇ ಅಳೆಯುವುದು ಸರಿಯಲ್ಲ.

ಓಡಿಸುವಾಗ ಅನುಭವಕ್ಕೆ ಬಾರದ ಇನ್ನೊಂದು ಗುಣವಿದೆ: ಸುರಕ್ಷತೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಎರಡನೇ ಪೀಳಿಗೆಯ ಸ್ವಿಫ್ಟನ್ನು ಗಂಟೆಗೆ 64 ಕಿ.ಮೀ. ವೇಗದ ಡಿಕ್ಕಿ ಪರೀಕ್ಷೆಗೆ ಒಳಪಡಿಸಿತು. ಏರ್‌ಬ್ಯಾಗ್ ಇಲ್ಲದ ಭಾರತೀಯ ಮಾದರಿಗೆ ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಎರಡು ಏರ್‌ಬ್ಯಾಗ್‌ಗಳಿದ್ದ ಲ್ಯಾಟಿನ್ ಅಮೆರಿಕದ ಮಾದರಿಗೆ ಮೂರು ದೊರೆತವು. 64 ಕಿ.ಮೀ. ವೇಗವೆಂದರೆ ಸುಮಾರು 16 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.

2024ರಲ್ಲಿ ಬಂದ ನಾಲ್ಕನೇ ಪೀಳಿಗೆಯ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್‌ಗಳನ್ನು ಕೊಡಲಾಯಿತು. ಆದರೆ ಹಳೆಯ ಸ್ವಿಫ್ಟ್‌ಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಕೊಳ್ಳುವವರು ಸ್ಟಿಯರಿಂಗ್ ಹಿಡಿದು ಹಿಗ್ಗುವುದರ ಜೊತೆಗೆ, ಒಮ್ಮೆ ಹಿಂದೆ ಕುಳಿತು ನೋಡಲಿ. ಆ ಮಾದರಿಯಲ್ಲಿ ಏರ್‌ಬ್ಯಾಗ್ ಇದೆಯೇ ಎಂದೂ ಕೇಳಲಿ.