ಸ್ಕ್ಯಾನಿಂಗ್ ನಾರ್ಮಲ್, ನೋವು ಹಾಗೇ ಇದೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಹೇಳಿದ್ದೇ ಕಡೆಯ ಮಾತು. ರಿಪೋರ್ಟು ನಾರ್ಮಲ್ ಬಂತೋ, ಗ್ಯಾಸ್ಟ್ರಿಕ್ ಎಂದು ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ, ಊರಿನ ಬಸ್ಸು. ಈ ಪದ್ಧತಿಗೆ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಕ್ಕಿದೆ.

ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲನ್ನು ಚೆನ್ನಾಗಿ ತೋರಿಸುತ್ತದೆ. ಕರುಳಲ್ಲಿ ಗಾಳಿ ತುಂಬಿದ್ದರೆ ಹಿಂದಿರುವುದನ್ನು ತೋರಿಸಲಾರದು. ಅಪೆಂಡಿಕ್ಸ್ ಕಾಣಲಿಲ್ಲ ಎಂದಮಾತ್ರಕ್ಕೆ ಅದು ಬಾತಿಲ್ಲವೆಂದಲ್ಲ. ಕರುಳಿನ ಕ್ಷಯ ಆರಂಭದಲ್ಲಿ ತಪ್ಪಿಸಿಕೊಳ್ಳಬಹುದು. ಇನ್ನು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚಿದರೆ ಉರಿಯಿಲ್ಲ, ಊತವಿಲ್ಲ, ಎಷ್ಟೋ ಸಲ ಗಾಯದ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆ ಹಿಂಡುತ್ತದೆ, ವಾಂತಿಯಾಗುತ್ತದೆ. ರೆಪ್ಪೆ ಜೋತುಬೀಳುವುದು, ಉಸಿರು ಕಟ್ಟುವುದು ಆಮೇಲೆ. ಇದನ್ನು ಯಾವ ಸ್ಕ್ಯಾನೂ ಹಿಡಿಯದು. “ರಾತ್ರಿ ಎಲ್ಲಿ ಮಲಗಿದ್ದೆಪ್ಪಾ?” ಎಂದು ಕೇಳಿ ಕಣ್ಣು ನೋಡಿದ ವೈದ್ಯರು ಹಿಡಿಯುತ್ತಾರೆ.

ಯಂತ್ರದ ಪರ ವಾದಿಸುವವರು ಇಂಗ್ಲೆಂಡಿನ ಲೀಡ್ಸ್ ಪ್ರಯೋಗವನ್ನು ಮುಂದಿಡುತ್ತಾರೆ. ಡಿ ಡೊಂಬಾಲ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ವರದಿಯದು. ಹೊಟ್ಟೆನೋವಿನ 304 ರೋಗಿಗಳಲ್ಲಿ ಕಾರಣ ಗುರುತಿಸುವ ಕಂಪ್ಯೂಟರಿನ ನಿಖರತೆ ಶೇ. 91.8, ಹಿರಿಯ ವೈದ್ಯರದು ಶೇ. 79.6. ಅದೇ ತಂಡದ 1974ರ ವರದಿಯ ಮಾತನ್ನು ಮಾತ್ರ ಇವರು ಎತ್ತುವುದಿಲ್ಲ. ಪ್ರಯೋಗ ನಡೆಯುತ್ತಿದ್ದಾಗ ವೈದ್ಯರ ನಿಖರತೆಯೇ ಏರಿತ್ತು, ಪ್ರಯೋಗ ನಿಂತ ಮೇಲೆ ಇಳಿಯಿತು. ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನಮೂನೆ ತುಂಬಿಸಿಕೊಂಡದ್ದು, ತಮ್ಮ ಊಹೆ ಕಡೆಗೆ ಏನಾಯಿತೆಂದು ತಿಳಿದುಕೊಂಡದ್ದು, ಇವೇ ಆ ಏರಿಕೆಗೆ ಕಾರಣವೆಂದು ನಾನು ಓದುತ್ತೇನೆ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ನು. ಕೂಡ್ಲಿಗಿಯಲ್ಲೂ ಸಿಗುತ್ತವೆ.

ಕಾರಣ ಸಿಗದ ನೋವು ಬಹುಪಾಲು ಜನರಲ್ಲಿ ತಾನಾಗಿ ಹೋಗುತ್ತದೆ, ನಿಜ. ಕೆಲವರಲ್ಲಿ ಮರಳುತ್ತದೆ. ಐವತ್ತು ದಾಟಿದ ಕೆಲವರಲ್ಲಿ ತಿಂಗಳುಗಳ ನಂತರ ದೊಡ್ಡ ಕರುಳಿನ ಕ್ಯಾನ್ಸರ್ ಬಯಲಾಗುತ್ತದೆ. ಇಂಥವರಲ್ಲಿ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ದಾವಣಗೆರೆಗೋ ಹೋದವರ ಗತಿ ಏನಾಯಿತೆಂದು ಮೊದಲು ನೋಡಿದ ವೈದ್ಯರಿಗೆ ತಿಳಿಸುವವರು ಯಾರು? ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕು; ಅಲ್ಲಿನ ರೋಗಿಯ ಸುದ್ದಿ ಯಾವ ಜಿಲ್ಲೆಯಿಂದ ಯಾವ ಜಿಲ್ಲೆಗೆ ಹೋಗಬೇಕು?

ಆರೋಗ್ಯದ ಬಗ್ಗೆ ಬರೆಯುವವರಲ್ಲಿ ಕೆಲವರು ತಪ್ಪನ್ನೆಲ್ಲ ಹಳ್ಳಿಯವರ ತಲೆಗೆ ಕಟ್ಟುತ್ತಾರೆ: ಬಟ್ಟಿ (ಹೊಕ್ಕುಳು) ಸರಿದಿದೆ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುತ್ತಾರೆ, ಮೂಢರು, ಎಂದು. ತಿಕ್ಕಿಸುವುದು ಅಪಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಿಕ್ಕಿಸಿಕೊಳ್ಳುವ ಹೆಂಗಸರಲ್ಲಿ ಎಷ್ಟೋ ಜನ ಮೊದಲು ಆಸ್ಪತ್ರೆಗೇ ಹೋಗಿ, “ಏನೂ ಇಲ್ಲ, ಹೋಗಮ್ಮ” ಎನ್ನಿಸಿಕೊಂಡು ಬಂದವರು. ತಿಕ್ಕುವ ಅಜ್ಜಿ ಹೊಟ್ಟೆ ಮುಟ್ಟಿ ನೋಡುತ್ತಾಳೆ, ಮೂರು ದಿನ ಬಿಟ್ಟು ಬಾ ಅನ್ನುತ್ತಾಳೆ. ಆಸ್ಪತ್ರೆಯ ಚೀಟಿಯಲ್ಲಿ ಆ ಒಂದು ಮಾತೂ ಇರುವುದಿಲ್ಲ. ಬೈಯುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ನನ್ನ ಕೋರಿಕೆ ಇಷ್ಟು: ಕಾರಣ ಸಿಗದಿದ್ದರೆ ಗ್ಯಾಸ್ಟ್ರಿಕ್ ಎಂದು ಬರೆಯಬೇಡಿ. “ಕಾರಣ ಇನ್ನೂ ಸಿಕ್ಕಿಲ್ಲ, ಇಂಥ ದಿನ ಬನ್ನಿ; ನೋವು ಹೆಚ್ಚಾದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ ರಾತ್ರಿಯೇ ಬನ್ನಿ” ಎಂದು ಕನ್ನಡದಲ್ಲಿ ಬರೆದುಕೊಡಿ. ನೋವಿರುವವರೇ, ನೀವೂ ಆ ಚೀಟಿ ಬಿಸಾಡಬೇಡಿ. ಮುಂದೆ ಯಾವ ಊರಿನ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸಿ.