ಚಿನ್ನವೇ? ಚಿನ್ನವಾದರೆ ಅದರಿಂದ ಏನನ್ನು ಮಾಡಬೇಕು?
ಆಪ್ತಸಲಹೆಯಲ್ಲಿ ಎನ್‌.ಎಲ್‌.ಪಿ. ಬಳಕೆ: ಒಂದು ವಿಮರ್ಶೆ

ಇಸ್ರಯೇಲರು ಈಜಿಪ್ಟಿನಿಂದ ಹೊರಟಾಗ ಆ ನಾಡಿನವರಿಂದ ಬೆಳ್ಳಿಬಂಗಾರದ ಒಡವೆಗಳನ್ನು ಕೇಳಿ ಪಡೆದರೆಂದು ವಿಮೋಚನಕಾಂಡ ತಿಳಿಸುತ್ತದೆ. ಅನ್ಯರ ವಿದ್ಯೆಯಲ್ಲಿ ಸತ್ಯವಾದುದು ಏನಿದೆಯೋ ಅದನ್ನು ಕ್ರೈಸ್ತರು ಹಾಗೆಯೇ ಪಡೆದುಕೊಂಡು ಶುಭಸಂದೇಶದ ಸೇವೆಗೆ ಬಳಸಬಹುದೆಂದು ಸಂತ ಅಗಸ್ಟೀನರು ಈ ಪ್ರಸಂಗವನ್ನು ಅರ್ಥೈಸಿದರು. ಆದರೆ ಮರಳುಗಾಡಿನಲ್ಲಿ ಜನರ ಬಂಗಾರದಿಂದ ದೇವದರ್ಶನದ ಗುಡಾರವೂ ಸಿದ್ಧವಾಯಿತು, ಹೋರಿಕರುವೂ ಸಿದ್ಧವಾಯಿತು ಎಂಬುದನ್ನು ಮರೆಯುವಂತಿಲ್ಲ. ಆದುದರಿಂದ ಹೊರಗಿನಿಂದ ಬಂದ ಯಾವ ವಿದ್ಯೆಯ ಮುಂದೆಯೂ ನಾವು ಎರಡು ಪ್ರಶ್ನೆಗಳನ್ನು ಇಡಬೇಕಾಗುತ್ತದೆ: ಇದು ನಿಜವಾಗಿ ಚಿನ್ನವೇ? ಚಿನ್ನವಾದರೆ ಅದರಿಂದ ಏನನ್ನು ಮಾಡಬೇಕು? ವೈಯಕ್ತಿಕ ಪರಿವರ್ತನೆಯ ಸಾಧನವೆಂದು ಆಪ್ತಸಲಹೆಯ ವಲಯದಲ್ಲಿ ಪ್ರಚಾರದಲ್ಲಿರುವ ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್, ಅಂದರೆ ಎನ್‌.ಎಲ್‌.ಪಿ.ಯನ್ನು ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪದ್ಧತಿ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಸ್ ಕೇಂದ್ರದಲ್ಲಿ ಹುಟ್ಟಿತು. ಅಲ್ಲಿ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಬ್ಯಾಂಡ್ಲರ್ ಮತ್ತು ಭಾಷಾಶಾಸ್ತ್ರದ ಅಧ್ಯಾಪಕ ಜಾನ್ ಗ್ರಿಂಡರ್ ಇದರ ಪ್ರವರ್ತಕರು. ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಜ್ ಪರ್ಲ್ಸ್, ಕುಟುಂಬ ಚಿಕಿತ್ಸೆಯ ವರ್ಜೀನಿಯಾ ಸಟೀರ್, ಸಂಮೋಹನ ಚಿಕಿತ್ಸೆಯ ಮಿಲ್ಟನ್ ಎರಿಕ್ಸನ್ ಇವರು ರೋಗಿಗಳೊಂದಿಗೆ ಮಾತನಾಡುವ ಬಗೆಯನ್ನು ಅವರು ಗಮನಿಸಿದರು. ಆ ಕೌಶಲಕ್ಕೆ ಒಂದು ರಚನೆಯಿದೆ, ರಚನೆಯಿರುವುದನ್ನು ಯಾರಿಗಾದರೂ ಕಲಿಸಬಹುದು ಎಂದು ವಾದಿಸಿದರು. ಅವರ ‘ದಿ ಸ್ಟ್ರಕ್ಚರ್ ಆಫ್ ಮ್ಯಾಜಿಕ್’ 1975ರಲ್ಲಿಯೂ ‘ಫ್ರಾಗ್ಸ್ ಇಂಟು ಪ್ರಿನ್ಸಸ್’ 1979ರಲ್ಲಿಯೂ ಪ್ರಕಟವಾದವು. ನಮ್ಮೊಳಗಿನ ಅನುಭವವು ನೋಟ, ಶಬ್ದ, ಸ್ಪರ್ಶಗಳ ರೂಪದಲ್ಲಿ ಸಂಗ್ರಹವಾಗಿದೆ. ಆ ಚಿತ್ರಗಳನ್ನು ಬದಲಿಸಿದರೆ ಭಾವನೆ ಬದಲಾಗುತ್ತದೆ, ಭಾವನೆ ಬದಲಾದರೆ ನಡತೆ ಬದಲಾಗುತ್ತದೆ ಎಂಬುದು ಇದರ ತಿರುಳು.

ಭಾರತದ ಧರ್ಮಸಭೆಗೆ ಇದು ಹೊಸ ಅತಿಥಿಯಲ್ಲ. ಯೇಸುಸಭೆಯ ಆಂಟನಿ ಡಿ ಮೆಲ್ಲೊ ಅವರು ಪುಣೆಯಲ್ಲಿ ಆರಂಭಿಸಿ ಅನಂತರ ಲೋನಾವಳಕ್ಕೆ ಕೊಂಡೊಯ್ದ ‘ಸಾಧನಾ’ ಸಂಸ್ಥೆಯಲ್ಲಿ ಆಪ್ತಸಲಹೆ ಮತ್ತು ಪ್ರಾರ್ಥನೆ ಜೊತೆಗೂಡಿದವು. ಅದೇ ಸಂಸ್ಥೆಯೊಂದಿಗೆ ದುಡಿದ ಯೇಸುಸಭೆಯ ರಿಚರ್ಡ್ ಮೆಕ್‌ಹ್ಯೂ ಅವರು ಎನ್‌.ಎಲ್‌.ಪಿ.ಯನ್ನು ಗುರುಗಳಿಗೂ ಧಾರ್ಮಿಕ ಸಹೋದರಿಯರಿಗೂ ಕಲಿಸಿದರು. ‘ಮೈಂಡ್ ವಿತ್ ಎ ಹಾರ್ಟ್’ ಎಂಬ ಕೃತಿಯನ್ನು ರಚಿಸಿದರು. ಡಿ ಮೆಲ್ಲೊ ಅವರ ಬರಹಗಳ ಬಗ್ಗೆ ವಿಶ್ವಾಸಬೋಧನಾ ಪೀಠವು 1998ರಲ್ಲಿ ಹೊರಡಿಸಿದ ಪ್ರಕಟಣೆಯನ್ನು ಮುಂದಿಟ್ಟು ಈ ಇಡೀ ಪ್ರಯತ್ನವನ್ನು ತಳ್ಳಿಹಾಕುವವರುಂಟು. ಅದು ನ್ಯಾಯವಲ್ಲ. ಆ ಪ್ರಕಟಣೆಯ ವಿಷಯ ದೇವರನ್ನೂ ಕ್ರಿಸ್ತರನ್ನೂ ಕುರಿತ ಬೋಧನೆಯೇ ಹೊರತು ಚಿಕಿತ್ಸಾ ತಂತ್ರಗಳಲ್ಲ. ಎನ್‌.ಎಲ್‌.ಪಿ.ಯನ್ನು ಅದರದೇ ಗುಣದೋಷಗಳ ಮೇಲೆ ತೂಗಬೇಕು.

ಒರೆಗಲ್ಲಿನ ಮೇಲೆ

ಮೊದಲ ಪ್ರಶ್ನೆಗೆ ಉತ್ತರ ಹೇಳಬೇಕಾದುದು ದೈವಶಾಸ್ತ್ರವಲ್ಲ, ಪರೀಕ್ಷೆ. ಪ್ರತಿಯೊಬ್ಬರಿಗೂ ನೋಟ, ಶ್ರವಣ, ಸ್ಪರ್ಶಗಳಲ್ಲಿ ಒಂದು ಪ್ರಧಾನ ಇಂದ್ರಿಯವಿದೆ, ಅದನ್ನು ಗುರುತಿಸಿ ಅದಕ್ಕೆ ಹೊಂದುವಂತೆ ಮಾತನಾಡಿದರೆ ಸಲಹೆ ಫಲಿಸುತ್ತದೆ ಎಂಬ ಹೇಳಿಕೆಯನ್ನು ಕ್ರಿಸ್ಟೋಫರ್ ಶಾರ್ಪ್ಲಿ 1984 ಮತ್ತು 1987ರ ಸಮೀಕ್ಷೆಗಳಲ್ಲಿ ಪರಿಶೀಲಿಸಿ, ಅದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಸೇನೆಯ ಕೋರಿಕೆಯ ಮೇರೆಗೆ ಸಿದ್ಧಪಡಿಸಿದ 1988ರ ವರದಿಯೂ ಇದರ ಪರವಾಗಿ ಗಟ್ಟಿಯಾದ ಸಾಕ್ಷ್ಯವನ್ನು ಕಾಣಲಿಲ್ಲ. ಕಣ್ಣಿನ ಚಲನೆಯನ್ನು ನೋಡಿ ಸುಳ್ಳನ್ನು ಪತ್ತೆಹಚ್ಚಬಹುದೆಂಬ ಜನಪ್ರಿಯ ನಂಬಿಕೆಯನ್ನು ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು 2012ರಲ್ಲಿ ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸಾಮಾನ್ಯ ವೈದ್ಯರ ನಿಯತಕಾಲಿಕದಲ್ಲಿ ಬಂದ ಸಮೀಕ್ಷೆಯೊಂದು ಆರೋಗ್ಯಕ್ಕೆ ಸಂಬಂಧಿಸಿದ ಪ್ರಯೋಗಗಳಲ್ಲಿ ಪರಿಗಣನೆಗೆ ಯೋಗ್ಯವಾದ 10 ಅಧ್ಯಯನಗಳನ್ನು ಮಾತ್ರ ಕಂಡು, ಪ್ರಯೋಜನವನ್ನು ಸಾಬೀತುಪಡಿಸುವ ಪುರಾವೆ ಅತ್ಯಲ್ಪವೆಂದು ತೀರ್ಮಾನಿಸಿತು.

ಇದರ ಅರ್ಥ, ಈ ವಿದ್ಯೆಯಿಂದ ಯಾರಿಗೂ ಉಪಕಾರವಾಗಿಲ್ಲವೆಂದಲ್ಲ. ಗಮನಕೊಟ್ಟು ಆಲಿಸುವವನ ಮುಂದೆ ನೊಂದವನಿಗೆ ಹಗುರವಾಗುವುದು ಸಹಜ. ಎಲ್ಲರೂ ನನ್ನನ್ನು ದ್ವೇಷಿಸುತ್ತಾರೆ ಎನ್ನುವವನನ್ನು ಎಲ್ಲರೆಂದರೆ ಯಾರು ಯಾರು ಎಂದು ಸಮಾಧಾನದಿಂದ ಕೇಳುವುದನ್ನು ಈ ಪದ್ಧತಿ ಕಲಿಸುತ್ತದೆ. ಆ ಪ್ರಶ್ನೆಯಿಂದ ಎಷ್ಟೋ ಕತ್ತಲೆ ಕರಗುತ್ತದೆ. ಆದರೆ ಹತ್ತು ನಿಮಿಷದಲ್ಲಿ ಭಯ ಹೋಗುತ್ತದೆ, ಒಂದು ಶಿಬಿರದಲ್ಲಿ ಬದುಕು ಬದಲಾಗುತ್ತದೆ ಎಂಬ ಭರವಸೆಗೆ ಪುರಾವೆಯ ಬಲವಿಲ್ಲ.

ಆ ಪ್ರಶ್ನೆಗಳ ವಿಷಯದಲ್ಲಿಯೂ ನಮ್ಮ ನುಡಿಯವರು ಎಚ್ಚರವಾಗಿರಬೇಕು. ಈ ಪದ್ಧತಿಯ ಭಾಷಾಮಾದರಿ ರೂಪುಗೊಂಡದ್ದು ಇಂಗ್ಲಿಷಿನಲ್ಲಿ. ವಾಕ್ಯದಲ್ಲಿ ಕರ್ತೃ ಮರೆಯಾಗಿದ್ದರೆ ಅಲ್ಲಿ ಏನೋ ಬಿಟ್ಟುಹೋಗಿದೆ, ಅದನ್ನು ಕೆದಕಿ ಹೊರತೆಗೆಯಬೇಕು ಎಂದು ಅದು ಹೇಳುತ್ತದೆ. ಕನ್ನಡದವನು ನನಗೆ ಕೋಪ ಬಂತು, ಬೇಸರವಾಗಿದೆ ಎಂದರೆ ಹೊಣೆಯಿಂದ ಜಾರಿಕೊಳ್ಳುತ್ತಿಲ್ಲ. ನಮ್ಮ ವ್ಯಾಕರಣದಲ್ಲಿ ಭಾವನೆ ಬರುವುದೇ ಹಾಗೆ. ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಇಂಥದೇ ರೂಢಿಯಿದೆ. ತಪ್ಪಾಯಿತು ಎಂಬ ಒಂದೇ ಮಾತಿನಲ್ಲಿ ಕರ್ತೃವಿಲ್ಲ, ಆದರೂ ಅದರಲ್ಲಿ ಪೂರ್ಣ ಕ್ಷಮಾಯಾಚನೆಯಿದೆ. ಹಾಗೆ ಹೇಳಿದವನನ್ನು ಯಾರಿಂದ ತಪ್ಪಾಯಿತು ಎಂದು ಮರುಪ್ರಶ್ನಿಸುವ ಗುರು ತಂತ್ರವನ್ನು ಪಾಲಿಸಿರಬಹುದು, ಮನುಷ್ಯನನ್ನು ಕೇಳಿಸಿಕೊಂಡಿಲ್ಲ.

ಮಸುಕಾಗಿಸಿದ ನೆನಪು

ಎರಡನೆಯ ಪ್ರಶ್ನೆ ಇನ್ನೂ ಆಳವಾದುದು. ಇಲ್ಲಿ ಒಂದು ಕಲ್ಪಿತ ನಿದರ್ಶನವನ್ನು ಎತ್ತಿಕೊಳ್ಳೋಣ. ಆಸ್ತಿಯ ಪಾಲಿನಲ್ಲಿ ತಮ್ಮನನ್ನು ವಂಚಿಸಿದ ಒಬ್ಬ ಗೃಹಸ್ಥ ಧರ್ಮಕೇಂದ್ರದ ಗುರುಗಳ ಬಳಿ ಬರುತ್ತಾನೆ. ರಾತ್ರಿ ನಿದ್ರೆಯಿಲ್ಲ, ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದ ತಮ್ಮನ ಮುಖ ಕಣ್ಣೆದುರು ಬರುತ್ತದೆ. ಎನ್‌.ಎಲ್‌.ಪಿ.ಯ ಬಳಿ ಇದಕ್ಕೊಂದು ಉಪಾಯವಿದೆ. ಆ ಚಿತ್ರವನ್ನು ಚಿಕ್ಕದಾಗಿಸು, ಬಣ್ಣ ತೆಗೆ, ದೂರ ಸರಿಸು. ಅದರ ಸ್ಥಾನದಲ್ಲಿ ನೆಮ್ಮದಿಯ ಚಿತ್ರವೊಂದನ್ನು ತಟ್ಟನೆ ತಂದಿಡು. ಉಪಾಯ ಫಲಿಸಿತೆಂದೇ ಇಟ್ಟುಕೊಳ್ಳೋಣ. ಅಣ್ಣನಿಗೆ ನಿದ್ರೆ ಬಂತು. ತಮ್ಮನ ಭೂಮಿ ಮಾತ್ರ ತಮ್ಮನಿಗೆ ಬರಲಿಲ್ಲ. ಜಕ್ಕಾಯನಾದರೋ ಯೇಸುಸ್ವಾಮಿಯ ಮುಂದೆ ನಿಂತಾಗ ತನ್ನ ಮನಸ್ಸಿನ ಚಿತ್ರವನ್ನು ಸರಿಪಡಿಸಿಕೊಳ್ಳಲಿಲ್ಲ, ಲೆಕ್ಕವನ್ನು ಸರಿಪಡಿಸಿದ. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂತಿರುಗಿಸುವೆನೆಂದ.

ಈಗ ಚಿತ್ರವನ್ನು ಬದಲಿಸೋಣ. ಅದೇ ಗುರುಗಳ ಬಳಿ ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದ ಮಹಿಳೆಯೊಬ್ಬಳು ಬರುತ್ತಾಳೆ. ಅವಳಿಗೂ ನಿದ್ರೆಯಿಲ್ಲ, ಅವಳ ಕಣ್ಣೆದುರಿಗೂ ಒಂದು ಮುಖ ಬರುತ್ತದೆ. ಅವಳ ನೋವು ಪಾಪಪ್ರಜ್ಞೆಯಲ್ಲ, ಗಾಯ. ಆ ನೆನಪಿನ ಉರಿಯನ್ನು ತಣಿಸುವುದು ಕರುಣೆಯ ಕೆಲಸ. ಆದರೆ ಅದು ತರಬೇತಿ ಪಡೆದ ಚಿಕಿತ್ಸಕರ ಕೆಲಸ. ಹೊರನೋಟಕ್ಕೆ ಇಬ್ಬರದೂ ಒಂದೇ ಲಕ್ಷಣ. ಒಬ್ಬನ ಸಂಕಟ ಎಚ್ಚರಗೊಂಡ ಅಂತಃಸಾಕ್ಷಿಯ ಕರೆ. ಇನ್ನೊಬ್ಬಳದು ಅನ್ಯಾಯ ಉಳಿಸಿಹೋದ ಬಾಧೆ. ತಂತ್ರಕ್ಕೆ ಈ ವ್ಯತ್ಯಾಸ ಕಾಣಿಸುವುದಿಲ್ಲ, ಏಕೆಂದರೆ ಅದು ನೋಡುವುದು ಅನುಭವದ ರಚನೆಯನ್ನು, ಸತ್ಯವನ್ನಲ್ಲ. ನನ್ನ ದೃಷ್ಟಿಯಲ್ಲಿ ಎನ್‌.ಎಲ್‌.ಪಿ.ಯ ಮೂಲ ದೋಷ ಇದೇ.

ಸಂತ ಯೊವಾನ್ನರ ಶುಭಸಂದೇಶವು ಇದಕ್ಕೆ ಪ್ರತಿಯಾಗಿ ಒಂದು ದೃಶ್ಯವನ್ನು ನೀಡುತ್ತದೆ. ಪ್ರಧಾನಯಾಜಕನ ಅಂಗಳದಲ್ಲಿ ಕೆಂಡದ ಬಳಿ ಚಳಿಕಾಯಿಸುತ್ತಾ ಪೇತ್ರನು ಮೂರು ಬಾರಿ ಗುರುವನ್ನು ನಿರಾಕರಿಸಿದ. ಪುನರುತ್ಥಾನದ ಬಳಿಕ ಸರೋವರದ ದಡದಲ್ಲಿ ಯೇಸು ಅವನಿಗಾಗಿ ಮತ್ತೆ ಕೆಂಡವನ್ನೇ ಹೊತ್ತಿಸಿದ್ದರು. ಗ್ರೀಕ್ ಮೂಲದಲ್ಲಿ ಎರಡು ಕಡೆಯೂ ಒಂದೇ ಪದವಿದೆ. ಎನ್‌.ಎಲ್‌.ಪಿ.ಯವರು ಇದನ್ನು ‘ಆ್ಯಂಕರ್’ ಎಂದು ಕರೆದಾರು: ಒಂದು ವಾಸನೆ, ಒಂದು ಬೆಳಕು ಹಳೆಯ ಭಾವನೆಯನ್ನು ಎಬ್ಬಿಸುತ್ತದೆ. ಅವರ ಗಮನ ಸೂಕ್ಷ್ಮವಾದುದೆಂದು ಒಪ್ಪೋಣ. ಆದರೆ ಯೇಸು ಆ ನೆನಪನ್ನು ಮಸುಕಾಗಿಸಲಿಲ್ಲ. ಮೂರು ನಿರಾಕರಣೆಗಳಿಗೆ ಮೂರು ಪ್ರಶ್ನೆಗಳನ್ನು ಕೇಳಿದರು. ಮೂರನೆಯದಕ್ಕೆ ಪೇತ್ರನು ನೊಂದುಕೊಂಡ. ಆ ನೋವಿನ ಮೂಲಕವೇ ಅವನಿಗೆ ಕ್ಷಮೆಯೂ ಕುರಿಗಳನ್ನು ಮೇಯಿಸುವ ಹೊಣೆಯೂ ದೊರೆತವು. ಪ್ರವಾದಿ ನಾತಾನನೂ ಹಾಗೆಯೇ. ಎರಿಕ್ಸನ್‌ರಂತೆ ಅವನೂ ಕಥೆಯ ಮೂಲಕ ಮಾತನಾಡಿದ, ದಾವೀದನ ನೋಟದ ಚೌಕಟ್ಟನ್ನು ಬದಲಿಸಿದ. ಆದರೆ ಆ ಬದಲಾವಣೆ ಅರಸನನ್ನು ಸಮಾಧಾನಪಡಿಸಲಿಲ್ಲ, ಊರಿಯನ ಕೊಲೆಯ ಎದುರು ತಂದು ನಿಲ್ಲಿಸಿತು.

ಸಂಪನ್ಮೂಲ ಮತ್ತು ಕೃಪೆ

ಪ್ರತಿಯೊಂದು ನಡತೆಯ ಹಿಂದೆಯೂ ಒಂದು ಸದುದ್ದೇಶವಿದೆ, ಬದಲಾವಣೆಗೆ ಬೇಕಾದ ಸಂಪನ್ಮೂಲವೆಲ್ಲ ವ್ಯಕ್ತಿಯೊಳಗೇ ಇದೆ, ಇವೆರಡು ಎನ್‌.ಎಲ್‌.ಪಿ.ಯ ಪೂರ್ವಗ್ರಹಿಕೆಗಳು. ಮೊದಲನೆಯದರಲ್ಲಿ ಅರ್ಧ ಸತ್ಯವಿದೆ. ಮನುಷ್ಯನು ಕೆಡುಕನ್ನೂ ಒಳಿತಿನ ರೂಪದಲ್ಲಿಯೇ ಬಯಸುತ್ತಾನೆಂದು ಸಂತ ಥಾಮಸ್ ಅಕ್ವಿನಾಸರು ಒಪ್ಪುತ್ತಾರೆ. ಆದರೆ ಬಯಸಿದ ಒಳಿತನ್ನು ಮಾಡಲಾರದೆ ಬಯಸದ ಕೆಡುಕನ್ನೇ ಮಾಡುವ ಸೀಳನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ತೆರೆದಿಡುತ್ತಾರೆ. ಅವರ ಕೂಗಿಗೆ ಉತ್ತರವಾಗಿ ದೊರೆಯುವುದು ಒಳಗಿನ ಸಂಪನ್ಮೂಲವಲ್ಲ, ಒಬ್ಬ ವ್ಯಕ್ತಿ. ಎರಡನೆಯ ಗ್ರಹಿಕೆ ಪೆಲಾಜಿಯಸನ ವಾದಕ್ಕೆ ಬಹಳ ಹತ್ತಿರದ್ದು. ತನ್ನ ಬಲದಿಂದಲೇ ರಕ್ಷಣೆ ಎಂಬ ಈ ಹಳೆಯ ಭ್ರಮೆ ಹೊಸ ರೂಪದಲ್ಲಿ ಮರಳಿದೆಯೆಂದು 2018ರ ‘ಪ್ಲಾಕ್ವಿತ್ ದೇಯೊ’ ಪತ್ರವೂ ಪೋಪ್ ಫ್ರಾನ್ಸಿಸರ ‘ಗೌದೇತೆ ಎತ್ ಎಕ್ಸುಲ್ತಾತೆ’ಯೂ ಎಚ್ಚರಿಸಿವೆ.

ಆದರೂ ಮನಸ್ಸಿನ ಚಿತ್ರಗಳನ್ನೇ ಶಂಕಿಸಬೇಕಾಗಿಲ್ಲ. ಸಂತ ಇಗ್ನೇಶಿಯಸರ ‘ಆಧ್ಯಾತ್ಮಿಕ ಸಾಧನೆಗಳು’ ಐದೂ ಇಂದ್ರಿಯಗಳನ್ನು ಪ್ರಾರ್ಥನೆಗೆ ಕರೆತರುತ್ತವೆ: ದೃಶ್ಯವನ್ನು ನೋಡು, ಮಾತನ್ನು ಕೇಳು, ಪರಿಮಳವನ್ನು ಆಘ್ರಾಣಿಸು. ನಮ್ಮ ಕೊಡಿಯಾಲ್‌ಬೈಲ್‌ನಲ್ಲಿ ಇದಕ್ಕೆ ಕಣ್ಣೆದುರಿನ ಸಾಕ್ಷಿಯಿದೆ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಡುಗಳ ಮೇಲೆ ಯೇಸುಸಭೆಯ ಸಹೋದರ ಆಂಟೋನಿಯೊ ಮೋಸ್ಕೇನಿ 1899ರಿಂದ ಬರೆದ ಚಿತ್ರಗಳು ಇಂದಿಗೂ ಕಣ್ಣಿನ ಮೂಲಕ ಹೃದಯಕ್ಕೆ ಬೋಧಿಸುತ್ತಿವೆ. ಆದರೆ ಇಗ್ನೇಶಿಯಸರ ಸಾಧಕನು ಚಿತ್ರದ ಒಡೆಯನಲ್ಲ, ಅತಿಥಿ. ಬೆತ್ಲೆಹೇಮಿನ ಗೋದಲಿಯನ್ನು ತನ್ನ ಅನುಕೂಲಕ್ಕೆ ದೂರ ಸರಿಸುವುದಿಲ್ಲ. ತಾನೇ ಹತ್ತಿರ ಹೋಗುತ್ತಾನೆ, ತನಗೆ ಬಂದ ಸಾಂತ್ವನ ಯಾವ ಆತ್ಮದಿಂದ ಬಂದಿತೆಂದು ವಿವೇಚಿಸುತ್ತಾನೆ. ನೆಮ್ಮದಿಯೆಲ್ಲ ದೇವರಿಂದಲೇ ಬರುವುದಿಲ್ಲವೆಂದು ಅವನು ಬಲ್ಲ.

ಗುರುಮಠದವರ ಹೊಣೆ

ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ನೆರವನ್ನು ಪಾಲನಾಸೇವೆಯಲ್ಲಿ ಬಳಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ ‘ಗೌದಿಯುಮ್ ಎತ್ ಸ್ಪೇಸ್’ ದಾಖಲೆಯ 62ನೆಯ ಪರಿಚ್ಛೇದದಲ್ಲಿ ಹೇಳಿದೆ. ಅದೇ ಧರ್ಮಸಭೆ 2008ರಲ್ಲಿ, ಗುರುಮಠದ ತರಬೇತುದಾರರು ವಿಶೇಷ ಮನೋಚಿಕಿತ್ಸಾ ತಂತ್ರಗಳನ್ನು ತಾವೇ ಬಳಸಕೂಡದೆಂದು ವಿಧಿಸಿತು. ಇವೆರಡು ಪರಸ್ಪರ ವಿರುದ್ಧವಲ್ಲ. ಬಲ್ಲವರ ನೆರವನ್ನು ಪಡೆಯುವುದು ಬೇರೆ, ಬಲ್ಲವರಂತೆ ನಟಿಸುವುದು ಬೇರೆ. ಖಿನ್ನತೆಯಿಂದ ಜೀವವೇ ಬೇಡವೆನ್ನುವವರನ್ನು, ಆಘಾತಕ್ಕೆ ಒಳಗಾದವರನ್ನು ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸುವುದು ನಮ್ಮ ಕರ್ತವ್ಯ.

ಇನ್ನೊಂದು ಮಾತು. ಎದುರಿನವನ ಉಸಿರು, ಭಂಗಿ, ದನಿಗಳನ್ನು ಅನುಕರಿಸಿ ಅವನಿಗರಿಯದಂತೆ ವಿಶ್ವಾಸ ಗಳಿಸುವ ಕಲೆಯನ್ನೂ ಎನ್‌.ಎಲ್‌.ಪಿ. ಕಲಿಸುತ್ತದೆ. ಪಾಪನಿವೇದನೆಗೆ ಮಂಡಿಯೂರಿದವನ ಮೇಲೆ ಯಾಜಕನಿಗಿರುವ ಅಧಿಕಾರ ಮೊದಲೇ ದೊಡ್ಡದು. ಅದರೊಂದಿಗೆ ಮರೆಯ ತಂತ್ರವೂ ಸೇರಿದರೆ ಅವನ ಸ್ವಾತಂತ್ರ್ಯಕ್ಕೆ ಉಳಿಯುವ ಜಾಗವೆಷ್ಟು? ಸಂಸ್ಕಾರಕ್ಕೆ ಬಂದವನು ತನ್ನನ್ನು ತೆರೆದಿಡುವುದು ದೇವರಿಗೆ. ನಮ್ಮ ಕೌಶಲದ ಪ್ರಯೋಗಕ್ಕಲ್ಲ.

ಹಾಗಾದರೆ ಎನ್‌.ಎಲ್‌.ಪಿ. ಚಿನ್ನವೇ? ಅದರಲ್ಲಿ ಕೆಲವು ಚೂರು ಚಿನ್ನವಿದೆ: ಗಮನದಿಂದ ಆಲಿಸುವುದು, ನಿಖರವಾಗಿ ಕೇಳುವುದು, ನೆನಪಿಗೆ ದೇಹವಿದೆಯೆಂದು ಅರಿಯುವುದು. ಬಹುಪಾಲು ಇವು ಪರ್ಲ್ಸ್, ಸಟೀರ್, ಎರಿಕ್ಸನ್‌ರಿಂದ ಎರವಲು ಬಂದವು. ಉಳಿದುದನ್ನು ಒರೆಗೆ ಹಚ್ಚಿದಾಗ ಬಣ್ಣ ಬಿಟ್ಟಿದೆ. ಆ ಚೂರುಗಳನ್ನು ಕೃತಜ್ಞತೆಯಿಂದ ಆರಿಸಿಕೊಳ್ಳೋಣ. ಆದರೆ ಅಣ್ಣನು ನಿದ್ರೆ ಬರಲಿಲ್ಲವೆಂದು ನಮ್ಮ ಬಾಗಿಲು ತಟ್ಟಿದಾಗ, ಅವನಿಗೆ ನಿದ್ರೆ ಬರಿಸುವುದಕ್ಕಿಂತ ಮೊದಲು ತಮ್ಮನ ಮನೆಯವರೆಗೆ ಅವನ ಜೊತೆ ನಡೆದುಹೋಗಲು ಸಿದ್ಧರಾಗಿರೋಣ.